ಕನ್ನಡದಲ್ಲಿ ಹೆಸರಿಲ್ಲದ ಒಂದು ನಾಯಿರೋಗ

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಬಳಗದಲ್ಲಿ ಯಾರಾದರೊಬ್ಬರ ಮನೆಯಿಂದ ಈ ಸುದ್ದಿ ಬಂದೇ ಬರುತ್ತದೆ. ಮರಿ ನಿನ್ನೆಯಿಂದ ಅನ್ನ ಮುಟ್ಟಿಲ್ಲ. ಬೆಳಗ್ಗೆ ಹಳದಿ ನೊರೆ ಕಾರಿತು. ಮಧ್ಯಾಹ್ನದಿಂದ ಭೇದಿ, ಸಂಜೆಗೆ ಅದರಲ್ಲಿ ರಕ್ತ, ಹತ್ತಿರ ಕೂರಲಾಗದಂಥ ನಾತ. ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ಎಳನೀರು ಕುಡಿಸಿ, ಉಪ್ಪು ಸಕ್ಕರೆ ನೀರು ಕೊಡಿ, ದಾಳಿಂಬೆ ಸಿಪ್ಪೆ ಕುದಿಸಿ, ಮಜ್ಜಿಗೆ ಅನ್ನ ಹಿಸುಕಿ ತಿನ್ನಿಸಿ. ಮೂರನೇ ದಿನ ಫೋನ್ ಮಾಡಿದರೆ ಆ ಕಡೆಯಿಂದ ಒಂದೇ ಮಾತು: "ಹೋಯ್ತು ಮಾರಾಯ."

ಈ ಸಲ ನಮ್ಮಲ್ಲೊಬ್ಬರು ತಮ್ಮ ತಾಲ್ಲೂಕಿನ ಪತ್ರಿಕೆಗೆ ಇದನ್ನೇ ಸುದ್ದಿ ಮಾಡಿ ಕಳಿಸಿದರು. ಒಂದೇ ಬೀದಿಯಲ್ಲಿ ವಾರದೊಳಗೆ ಐದಾರು ಮರಿ ಸತ್ತಿದ್ದವು. ಪತ್ರಿಕೆಯ ಹಿರಿಯರು ಓದಿ ಕೇಳಿದ್ದು ಒಂದೇ ಪ್ರಶ್ನೆ: "ಪಾರ್ವೋ ಪಾರ್ವೋ ಅಂತ ಬರೆದಿದ್ದೀಯಲ್ಲ, ಇದಕ್ಕೆ ನಮ್ಮ ಜನ ಏನಂತಾರೆ? ಆ ಹೆಸರು ಹಾಕು." ಜನರ ಬಾಯಲ್ಲಿರುವ ಪದವನ್ನೇ ಬಳಸಬೇಕು ಎಂದು ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟದ್ದೂ ಅದೇ. ಸರಿ, ಹುಡುಕೋಣ ಎಂದು ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲಿ, ಅಕ್ಕಪಕ್ಕದಲ್ಲಿ ಹಿರಿಯರನ್ನು ಕೇಳುತ್ತ ಹೋದೆವು. ಮಲೆನಾಡು, ಕರಾವಳಿ, ಬಯಲುಸೀಮೆ, ಉತ್ತರ ಕರ್ನಾಟಕ ಎಲ್ಲ ಕಡೆಯವರೂ ನಮ್ಮಲ್ಲಿದ್ದಾರೆ. ಎಲ್ಲೂ ಹೆಸರು ಸಿಗಲಿಲ್ಲ. ಧಾರವಾಡದ ಕಡೆಯ ಅಜ್ಜ ಒಬ್ಬರು ಹೇಳಿದ ಮಾತು ಎಲ್ಲರ ಉತ್ತರಕ್ಕೂ ಸಲ್ಲುತ್ತದೆ: "ನಾಯಿಗೆ ಎಂಥಾ ರೋಗೋ ತಮ್ಮಾ, ಹುಚ್ಚ ಹಿಡೀತೈತಿ, ಇಲ್ಲಾ ಕಜ್ಜಿ ಆಗ್ತೈತಿ. ಅಷ್ಟ."

ಹೆಸರು ಹುಡುಕಲು ಹೊರಟವರು ಹೆಸರು ಯಾಕಿಲ್ಲ ಎಂದು ಹುಡುಕುವಂತಾಯಿತು. ಈ ಬರಹ ಅದರ ಫಲ.

ಮೊದಲು ಇರುವ ಹೆಸರುಗಳನ್ನು ನೋಡೋಣ. ದನಕ್ಕೆ ಬರುವ ರೋಗಗಳಿಗೆ ನಮ್ಮ ಭಾಷೆಯಲ್ಲಿ ಹೆಸರಿನ ಬರವೇ ಇಲ್ಲ. ಕಾಲುಬಾಯಿ ಜ್ವರ, ಚಪ್ಪೆರೋಗ, ಗಳಲೆ ರೋಗ, ನೆರಡಿ ರೋಗ. ಕುರಿಗೆ ನೀಲಿ ನಾಲಿಗೆ. ಕೋಳಿಗೆ ಕೊಕ್ಕರೆ ರೋಗ. ಇವಕ್ಕೆಲ್ಲ ಹಿರಿಯಣ್ಣ ಎಂಬಂತೆ ದೊಡ್ಡರೋಗ. ಒಂದು ಕೊಟ್ಟಿಗೆ ಹೊಕ್ಕರೆ ಊರಿನ ದನವನ್ನೇ ಬರಿದು ಮಾಡಿ ಹೋಗುತ್ತಿದ್ದ ಈ ರೋಗದ ನೆನಪು ನಮ್ಮ ಅಜ್ಜ ಅಜ್ಜಿಯರಲ್ಲಿ ಇನ್ನೂ ಇದೆ. ಭಾರತದಲ್ಲಿ ಅದು ಕೊನೆಯ ಸಲ ಕಾಣಿಸಿದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ದೊಡ್ಡರೋಗದಿಂದ ಮುಕ್ತವಾಯಿತೆಂದು ಘೋಷಿಸಿದರು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದಲೇ ಅಳಿಸಿಹಾಕಿದ ಎರಡನೇ ರೋಗ ಅದು. ಅಷ್ಟು ದೊಡ್ಡ ಕೆಲಸ ಆಗಿದ್ದು ದನ ಸತ್ತರೆ ಉಳುಮೆ ನಿಲ್ಲುತ್ತದೆ, ಹಾಲು ನಿಲ್ಲುತ್ತದೆ, ಮನೆ ಮುಳುಗುತ್ತದೆ ಎಂಬ ಕಾರಣಕ್ಕೆ. ನಮ್ಮ ಪಶುವೈದ್ಯ ವ್ಯವಸ್ಥೆ ಕಟ್ಟಿಕೊಂಡದ್ದೇ ದನದ ಸುತ್ತ. ಇಂದಿಗೂ ಹಳ್ಳಿಯಲ್ಲಿ ಪಶುವೈದ್ಯರನ್ನು 'ದನದ ಡಾಕ್ಟ್ರು' ಎನ್ನುತ್ತಾರೆ. ನಾಯಿಯನ್ನು ಹೊತ್ತು ಹೋದರೆ ಹಸು ಹಿಡಿದು ನಿಂತವರು ಒಂದು ಥರಾ ನೋಡುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ಹಾಗೆಂದು ಕನ್ನಡಕ್ಕೆ ನಾಯಿ ಲೆಕ್ಕಕ್ಕಿಲ್ಲ ಎನ್ನುವಂತಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಿ. ಸುಮಾರು 949-50ರ ಕಾಲದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರ ಎಂಬ ವೀರ ಒಡೆಯನಿಂದ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹಂದಿಯ ಜೊತೆ ಕಾದಾಡಿತು, ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಕಲ್ಲು ನೆಡಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನಲ್ಲಿ ನಾಯಿಯ ಹೆಸರಿದೆ, ಹಂದಿಯ ಚಿತ್ರವೂ ಇದೆ. ಸಾವಿರ ವರ್ಷದ ಹಿಂದೆಯೇ ಒಂದು ನಾಯಿ ಹೇಗೆ ಸತ್ತಿತು ಎಂದು ಕನ್ನಡದಲ್ಲಿ ಬರೆದಿಟ್ಟ ಜನ ನಾವು. ಆದರೆ ಅದು ಹೋರಾಡಿ ಸತ್ತ ನಾಯಿ. ಜಗಲಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕಾರಿಕೊಂಡು ಸತ್ತ ನಾಯಿಮರಿಗೆ ಕಲ್ಲೂ ಇಲ್ಲ, ರೋಗದ ಹೆಸರೂ ಇಲ್ಲ.

ನಾಯಿಯ ರೋಗಗಳಲ್ಲಿ ಗಟ್ಟಿಯಾಗಿ ಹೆಸರು ಪಡೆದದ್ದು ಹುಚ್ಚು ಒಂದೇ. ಅದು ಮನುಷ್ಯನನ್ನು ಕೊಲ್ಲುತ್ತದೆ ಎಂಬುದೇ ಅದಕ್ಕೆ ಕಾರಣ. 1885ರಲ್ಲಿ ಪಾಶ್ಚರ್ ಹುಚ್ಚುನಾಯಿ ಕಡಿದ ಹುಡುಗನಿಗೆ ಲಸಿಕೆ ಕೊಟ್ಟ ಹದಿನೈದೇ ವರ್ಷದಲ್ಲಿ, 1900ರಲ್ಲಿ, ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯಿತು. ದಕ್ಷಿಣದವರಿಗಾಗಿ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಇನ್ನೊಂದು. ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ ಪ್ರಾಣಿಗಳ ಮೆದುಳಿನಿಂದ ಲಸಿಕೆ ತಯಾರಿಸುವ ವಿಧಾನವನ್ನು 1911ರಲ್ಲಿ ಪ್ರಕಟಿಸಿದರು. ಹೊಟ್ಟೆಗೆ, ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂದು ನಮ್ಮ ಹಿರಿಯರು ಇಂದಿಗೂ ಹೇಳಿ ಮೈ ನಡುಗಿಸುವುದು ಆ ಲಸಿಕೆಯನ್ನೇ. ಕೆಲವರಿಗೆ ಅದರಿಂದಲೇ ನರಗಳ ತೊಂದರೆ, ಲಕ್ವ ಆಗುತ್ತಿತ್ತು. ಭಾರತದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಯಲ್ಲಿ. ಒಂದು ಶತಮಾನದ ಹತ್ತಿರ ಹತ್ತಿರ ನಡೆಯಿತು. ಆ ನೂರು ವರ್ಷದಲ್ಲಿ ನಮ್ಮ ಹಳ್ಳಿಗಳಲ್ಲಿ ಒಂದು ಸಮೀಕರಣ ಗಟ್ಟಿಯಾಯಿತು: ನಾಯಿಯ ರೋಗ ಎಂದರೆ ಹುಚ್ಚು, ನಾಯಿಯ ಇಂಜೆಕ್ಷನ್ ಎಂದರೆ ಹುಚ್ಚಿನ ಇಂಜೆಕ್ಷನ್. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ಇನ್ನೊಂದು ಹಳೆಯ ರೋಗ ಡಿಸ್ಟೆಂಪರ್. ಕಣ್ಣು ಮೂಗಿನಿಂದ ಕೀವಿನಂಥ ಸುರಿತ, ಕೆಮ್ಮು, ಕೆಲ ದಿನಗಳ ಮೇಲೆ ಫಿಟ್ಸ್, ಒಂದು ಕಾಲು ತಾನಾಗಿ ಅದುರುವುದು. ಇದೂ ದೊಡ್ಡರೋಗವೂ ಮನುಷ್ಯರ ದಡಾರವೂ ಒಂದೇ ಕುಟುಂಬದ ವೈರಸ್‌ಗಳಿಂದ ಬರುವಂಥವು. ಇದಕ್ಕೂ ನಮ್ಮಲ್ಲಿ ಬೇರೆ ಹೆಸರಿಲ್ಲ. ಫಿಟ್ಸ್ ಬಂದ ನಾಯಿಯನ್ನು ಹುಚ್ಚು ಎಂದೇ ಬಗೆದು ದೊಣ್ಣೆ ತಂದವರ ಕತೆ ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ.

ಡಿಸ್ಟೆಂಪರಿನ ಇತಿಹಾಸದಲ್ಲಿ ನಮಗೆ ಹಿಡಿಸಿದ್ದು ಒಂದು ಭಾಗ. ಸಿಡುಬಿಗೆ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್ 1809ರಲ್ಲಿ ಈ ರೋಗವನ್ನು ವಿವರಿಸಿ ಬರೆದರು. ಅದಕ್ಕೆ ವೈರಸ್ ಕಾರಣ ಎಂದು 1905ರಲ್ಲಿ ಫ್ರಾನ್ಸಿನ ಆನ್ರಿ ಕಾರೆ ತೋರಿಸಿಕೊಟ್ಟರು. ಆದರೆ ಹೆಚ್ಚಿನವರು ನಂಬಲಿಲ್ಲ, ಮದ್ದೂ ಬರಲಿಲ್ಲ. ಇಂಗ್ಲೆಂಡಿನ ಬೇಟೆಗಾರರು ಪ್ರತಿವರ್ಷ ಮರಿಗಳನ್ನು ಕಳೆದುಕೊಳ್ಳುತ್ತಲೇ ಇದ್ದರು. ಕೊನೆಗೆ 1923ರಲ್ಲಿ ಅವರು ಓದುತ್ತಿದ್ದ 'ದಿ ಫೀಲ್ಡ್' ಎಂಬ ಪತ್ರಿಕೆಯೇ ಒಂದು ನಿಧಿ ಶುರುಮಾಡಿತು. ನಾಯಿ ಸಾಕಿದವರು ಹಣ ಹಾಕಿದರು. ಆ ಹಣದಲ್ಲಿ ಲಂಡನ್ ಬಳಿಯ ಮಿಲ್ ಹಿಲ್‌ನಲ್ಲಿ ಲೈಡ್ಲಾ ಮತ್ತು ಡಂಕಿನ್ ಎಂಬ ಇಬ್ಬರು ಕೆಲಸಕ್ಕೆ ಕುಳಿತರು. ನಾಯಿಗಳಲ್ಲಿ ಪ್ರಯೋಗ ಕಷ್ಟವಾದಾಗ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗೂ ಈ ರೋಗ ಅಂಟುತ್ತದೆ ಎಂದು ಕಂಡುಕೊಂಡರು. ಆ ದಶಕದ ಕೊನೆಗೆ ಲಸಿಕೆ ಸಿದ್ಧವಾಯಿತು. ಅದೇ ಸಂಸ್ಥೆಯಲ್ಲಿ 1933ರಲ್ಲಿ ಮನುಷ್ಯರ ಫ್ಲೂ ವೈರಸ್ ಮೊದಲ ಬಾರಿ ಬೇರ್ಪಟ್ಟದ್ದು ಕೂಡ ಫೆರೆಟ್‌ಗಳಿಂದಲೇ. ಒಂದು ಪತ್ರಿಕೆಯ ಓದುಗರು ತಮ್ಮ ಮರಿಗಳ ಸಾವಿನ ಬಗ್ಗೆ ಒಬ್ಬರಿಗೊಬ್ಬರು ಗೋಳು ಹೇಳಿಕೊಂಡದ್ದು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ. ಪತ್ರಿಕೋದ್ಯಮ ಓದಿದವರಾದ್ದರಿಂದ ನಮಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಈಗ ಪಾರ್ವೋ.

ಮನೆಯ ಹಿರಿಯರು "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎಂದರೆ ನಾವು ಒಳಗೊಳಗೇ ನಗುತ್ತೇವೆ. ಇತ್ತು, ನಿಮಗೆ ಗೊತ್ತಿರಲಿಲ್ಲ ಎಂದುಕೊಳ್ಳುತ್ತೇವೆ. ಪಾರ್ವೋ ವಿಷಯದಲ್ಲಿ ಮಾತ್ರ ಅವರು ಹೇಳುವುದು ಅಕ್ಷರಶಃ ಸತ್ಯ. ಅವರ ಬಾಲ್ಯದಲ್ಲಿ ಈ ರೋಗ ಜಗತ್ತಿನಲ್ಲೇ ಇರಲಿಲ್ಲ. ನಮ್ಮ ಅಪ್ಪ ಅಮ್ಮಂದಿರಲ್ಲಿ ಹಲವರಿಗಿಂತ ಇದು ಚಿಕ್ಕದು.

1978ರಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಜಪಾನ್, ಯುರೋಪು ಎಂದು ಒಂದಕ್ಕೊಂದು ಸಂಬಂಧವಿಲ್ಲದ ಕಡೆಗಳಲ್ಲೆಲ್ಲ ನಾಯಿಗಳು ಒಂದೇ ರೀತಿ ಸಾಯತೊಡಗಿದವು. ವಾಂತಿ, ರಕ್ತಭೇದಿ, ಬಿಳಿ ರಕ್ತಕಣಗಳು ನೆಲಕಚ್ಚುವುದು. ಎರಡು ವರ್ಷದೊಳಗೆ ಜಗತ್ತಿನ ಮೂಲೆಮೂಲೆಗೆ ತಲುಪಿತು. ಆಗ ಸತ್ತದ್ದು ಬರೀ ಮರಿಗಳಲ್ಲ, ದೊಡ್ಡ ನಾಯಿಗಳೂ ಸತ್ತವು. ಇನ್ನೊಂದು ವಿಚಿತ್ರವೂ ಕಾಣಿಸಿತು. ಚೆನ್ನಾಗಿ ಆಡಿಕೊಂಡು, ಹಾಲು ಕುಡಿದುಕೊಂಡಿದ್ದ ಒಂದೆರಡು ತಿಂಗಳ ಮರಿ ಇದ್ದಕ್ಕಿದ್ದಂತೆ ಉಸಿರುಗಟ್ಟಿ ಬಿದ್ದು ಸಾಯುವುದು. ಕೊಯ್ದು ನೋಡಿದರೆ ಹೃದಯದ ಸ್ನಾಯು ಕೆಟ್ಟಿರುತ್ತಿತ್ತು. ಈ ಹೃದಯದ ಕಾಯಿಲೆ ಕೆಲವೇ ವರ್ಷಗಳಲ್ಲಿ ಅಪರೂಪವಾಯಿತು. ಯಾಕೆ? ಮೊದಲ ವರ್ಷಗಳಲ್ಲಿ ತಾಯಿನಾಯಿಗಳಿಗೆ ಈ ವೈರಸ್ಸಿನ ಪರಿಚಯವೇ ಇರಲಿಲ್ಲ. ಹಾಗಾಗಿ ಹಾಲಿನ ಮೂಲಕ ಮರಿಗೆ ಕೊಡಲು ಅವುಗಳ ಬಳಿ ರಕ್ಷಣೆಯೇ ಇರಲಿಲ್ಲ, ಹುಟ್ಟಿದ ಮೊದಲ ದಿನಗಳಲ್ಲೇ, ಹೃದಯ ಇನ್ನೂ ಬೆಳೆಯುತ್ತಿರುವಾಗಲೇ, ವೈರಸ್ ಒಳಹೊಕ್ಕುತ್ತಿತ್ತು. ರೋಗ ಗೆದ್ದ ತಾಯಂದಿರ ತಲೆಮಾರು ಬಂದ ಮೇಲೆ ಆ ಬಾಗಿಲು ಹೆಚ್ಚೂ ಕಡಿಮೆ ಮುಚ್ಚಿತು. ಇದೊಂದೇ ಸಾಕು, ರೋಗ ಹೊಸದು ಎನ್ನಲು.

ಆದರೆ ವಿಜ್ಞಾನಿಗಳು ಇಷ್ಟಕ್ಕೇ ನಿಲ್ಲಲಿಲ್ಲ. ಇತಿಹಾಸಕಾರರು ಹಳೆಯ ಕಡತ ತೆಗೆಯುವಂತೆ ಅವರು ಹಳೆಯ ರಕ್ತ ತೆಗೆದರು. ಪ್ರಯೋಗಾಲಯಗಳಲ್ಲಿ ಬೇರೆ ಬೇರೆ ಕಾರಣಕ್ಕೆ ವರ್ಷಗಳ ಹಿಂದೆ ತೆಗೆದು ಶೀತಪೆಟ್ಟಿಗೆಯಲ್ಲಿ ಇಟ್ಟಿದ್ದ ನಾಯಿಗಳ ರಕ್ತಸಾರ ಇತ್ತು. ಪಾರ್ವೋ ತಗುಲಿದ ನಾಯಿಯ ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯ ಉಳಿದಿರುತ್ತದೆ. ಒಂದೊಂದೇ ವರ್ಷ ಹಿಂದಕ್ಕೆ ಹೋಗುತ್ತ ನೋಡಿದರು. ಅಮೆರಿಕದಲ್ಲಿ, ಜಪಾನಿನಲ್ಲಿ 1978ಕ್ಕೆ ಮುಂಚಿನ ರಕ್ತದಲ್ಲಿ ಏನೂ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 1977ರ ರಕ್ತದಲ್ಲಿ ಇದೆ. ಬೆಲ್ಜಿಯಂನಲ್ಲಿ 1976ರದ್ದರಲ್ಲಿ ಇದೆ. ಗ್ರೀಸಿನಲ್ಲಿ 1974ರದ್ದರಲ್ಲೂ ಇದೆ. ಅದಕ್ಕೂ ಹಿಂದೆ ಹೋದರೆ ಖಾಲಿ. ಅಂದರೆ 1970ರ ದಶಕದ ಮೊದಲ ಭಾಗದಲ್ಲಿ ಯುರೋಪಿನ ಕಡೆ ಎಲ್ಲೋ ಸದ್ದಿಲ್ಲದೆ ಹುಟ್ಟಿ, ಕೆಲವು ವರ್ಷ ಹೊಂಚು ಹಾಕಿ, 1978ರಲ್ಲಿ ಒಮ್ಮೆಲೇ ಹರಡಿತು. ಒಂದು ರೋಗದ ಹುಟ್ಟಿದ ವರ್ಷವನ್ನು ಇಷ್ಟು ಹತ್ತಿರಕ್ಕೆ ಹೇಳಬಲ್ಲೆವು ಎಂಬುದೇ ಅಪರೂಪ. ಯಾರೋ ಯಾವುದಕ್ಕೋ ತೆಗೆದ ರಕ್ತವನ್ನು ದಿನಾಂಕ ಬರೆದು ಎತ್ತಿಟ್ಟಿದ್ದರು ಎಂಬುದಷ್ಟೇ ಇದಕ್ಕೆ ಕಾರಣ.

ಎಲ್ಲಿಂದ ಬಂತು? ಬೆಕ್ಕುಗಳಿಗೆ ಬರುವ ಪ್ಯಾನ್‌ಲ್ಯೂಕೋಪೀನಿಯ ಎಂಬ ಹಳೆಯ ರೋಗವಿದೆ. ಅದರ ವೈರಸ್, ಅಥವಾ ಅದರ ತೀರ ಹತ್ತಿರದ ಸಂಬಂಧಿ, ನಾಯಿಗೆ ದಾಟಿಕೊಂಡಿತು. ನಾಯಿಯ ಜೀವಕೋಶದ ಮೇಲೆ ಒಂದು ಬಾಗಿಲು ಇದೆ ಎಂದುಕೊಳ್ಳಿ. ಬೆಕ್ಕಿನ ವೈರಸ್ಸಿನ ಬೀಗದಕೈ ಅದಕ್ಕೆ ಹೊಂದುತ್ತಿರಲಿಲ್ಲ. ವೈರಸ್ಸಿನ ಹೊರಕವಚದಲ್ಲಿ ಬೆರಳೆಣಿಕೆಯ ಕಡೆ ಬದಲಾವಣೆ ಆಯಿತು, ಬೀಗ ತೆರೆಯಿತು. ಬೆಕ್ಕಿನ ಲಸಿಕೆ ತಯಾರಿಸುವ ಕಡೆಯಿಂದ ತಪ್ಪಿಸಿಕೊಂಡು ಬಂದದ್ದು ಎಂಬ ಗುಮಾನಿಯೂ ಆಗ ಎದ್ದಿತ್ತು. ಆಮೇಲೆ ನಡೆದ ವಂಶವಾಹಿ ಹೋಲಿಕೆಗಳು ಅದಕ್ಕೆ ಆಧಾರ ಕೊಡಲಿಲ್ಲ.

ಪಾರ್ವೋ ಎಂದರೆ ಲ್ಯಾಟಿನ್‌ನಲ್ಲಿ ಚಿಕ್ಕದು ಎಂಬ ಅರ್ಥದ ಪದದಿಂದ ಬಂದದ್ದು. ವೈರಸ್‌ಗಳಲ್ಲೇ ಪುಟ್ಟದು. ಎಷ್ಟು ಪುಟ್ಟದೆಂದರೆ ತನ್ನನ್ನು ನಕಲು ಮಾಡಿಕೊಳ್ಳುವ ಸರಂಜಾಮೂ ಅದರ ಬಳಿ ಇಲ್ಲ. ಹಾಗಾಗಿ ತಾವೇ ಬಿರುಸಾಗಿ ವಿಭಜನೆಯಾಗುತ್ತಿರುವ ಜೀವಕೋಶಗಳನ್ನು ಹುಡುಕಿಕೊಂಡು ಹೋಗುತ್ತದೆ. ಬೆಳೆಯುವ ಮರಿಯ ಮೈಯಲ್ಲಿ ಅಂಥ ಜಾಗ ಕರುಳಿನ ಒಳಪದರ ಮತ್ತು ಮೂಳೆಯ ಮಜ್ಜೆ. ಕರುಳಿನ ಪದರ ಕಿತ್ತುಬರುವುದರಿಂದ ರಕ್ತಭೇದಿ, ಮಜ್ಜೆ ಸೋಲುವುದರಿಂದ ಬಿಳಿಕಣ ಇಳಿದು ಬೇರೆ ಸೋಂಕುಗಳ ಹಾವಳಿ. ಮರಿಯನ್ನು ಕೊಲ್ಲುವುದು ಹೆಚ್ಚಾಗಿ ನೀರು ಬತ್ತುವುದು ಮತ್ತು ಆ ಬೇರೆ ಸೋಂಕು. ಅದಕ್ಕೇ ವೈದ್ಯರು ಡ್ರಿಪ್ ಹಾಕುವುದು, ಆಂಟಿಬಯೋಟಿಕ್ ಕೊಡುವುದು. ವೈರಸ್ಸನ್ನು ನೇರ ಕೊಲ್ಲುವ ಮದ್ದೇನೂ ಅವರ ಕೈಯಲ್ಲಿಲ್ಲ. ಮೂರು ನಾಲ್ಕು ದಿನ ಮರಿಯನ್ನು ಒಣಗದಂತೆ ಹಿಡಿದಿಟ್ಟರೆ ಮರಿಯ ಮೈಯೇ ಗೆಲ್ಲುತ್ತದೆ. ಏನೂ ಮಾಡದಿದ್ದರೆ ಹೆಚ್ಚಿನವು ಸಾಯುತ್ತವೆ. ಸರಿಯಾಗಿ ನೋಡಿಕೊಂಡರೆ ಹೆಚ್ಚಿನವು ಉಳಿಯುತ್ತವೆ. ವಾಂತಿ ಮಾಡುವ ಮರಿಯ ಬಾಯಿಗೆ ಎಳನೀರು ಸುರಿದರೆ ಅದೂ ಹೊರಗೇ ಬರುತ್ತದೆ ಎಂಬುದು ನಮ್ಮ ಎಲ್ಲರ ಅನುಭವ. ನೀರು ರಕ್ತನಾಳಕ್ಕೋ ಚರ್ಮದಡಿಗೋ ಹೋಗಬೇಕು, ಅದೂ ಮೊದಲ ದಿನವೇ. ನಾವು ಕಷಾಯದಲ್ಲಿ ಕಳೆಯುವುದು ಆ ಮೊದಲ ದಿನವನ್ನೇ.

ಲಸಿಕೆಯ ಕತೆಯೂ ಗಡಿಬಿಡಿಯದ್ದು. ಮೊದಲಿಗೆ ಕೈಗೆ ಸಿಕ್ಕಿದ್ದು ಬೆಕ್ಕಿನ ಲಸಿಕೆ. ವೈರಸ್‌ಗಳು ನೆಂಟರಾದ್ದರಿಂದ ಅದನ್ನೇ ನಾಯಿಗಳಿಗೆ ಚುಚ್ಚಿದರು, ತಕ್ಕಮಟ್ಟಿಗೆ ನಡೆಯಿತು. ಅಷ್ಟರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲೀಲ್ಯಾಂಡ್ ಕಾರ್ಮೈಕಲ್, ಮ್ಯಾಕ್ಸ್ ಅಪ್ಪೆಲ್ ಮತ್ತು ಜೊತೆಗಾರರು ನಾಯಿಯ ವೈರಸ್ಸಿನಿಂದಲೇ ಲಸಿಕೆ ತಯಾರಿಸಿದರು. ಅಲ್ಲಿ ನಾಯಿರೋಗಗಳಿಗಾಗಿಯೇ ಒಂದು ಸಂಶೋಧನಾಲಯ 1950ರ ದಶಕದಿಂದ ಇತ್ತು. ದನದ ಡಾಕ್ಟರರ ಹಾಗೆ ನಾಯಿಯ ವೈರಾಣು ತಜ್ಞರು ಎಂಬ ಜಾತಿಯೇ ಅಲ್ಲಿ ತಯಾರಾಗಿತ್ತು. ಹಾಗಾಗಿ ಹೊಸ ರೋಗ ಬಂದ ಮೂರ್ನಾಲ್ಕು ವರ್ಷದಲ್ಲೇ ಲಸಿಕೆ ಬಂತು.

ಆದರೆ ಲಸಿಕೆ ಹೋಗದ ಕಡೆಗೂ ವೈರಸ್ ಹೋಗಿತ್ತು. ಅಮೆರಿಕದ ಸುಪೀರಿಯರ್ ಸರೋವರದ ನಡುವೆ ಐಲ್ ರಾಯಲ್ ಎಂಬ ದ್ವೀಪವಿದೆ. ಅಲ್ಲಿನ ತೋಳಗಳನ್ನೂ ಮೂಸ್ ಎಂಬ ದೊಡ್ಡ ಕಡವೆಗಳನ್ನೂ 1958ರಿಂದ ಬಿಡದೆ ಎಣಿಸುತ್ತ ಬಂದಿದ್ದಾರೆ. 1980ರಲ್ಲಿ ಅಲ್ಲಿ 50 ತೋಳಗಳಿದ್ದವು. 1982ಕ್ಕೆ ಉಳಿದದ್ದು 14. ದ್ವೀಪಕ್ಕೆ ನಾಯಿ ತರುವುದು ನಿಷಿದ್ಧ. ಆದರೂ ಯಾರೋ ಪ್ರವಾಸಿ ತಂದ ನಾಯಿಯಿಂದ ಪಾರ್ವೋ ದಾಟಿತು ಎಂದು ಅಲ್ಲಿನ ಸಂಶೋಧಕರು ನಂಬುತ್ತಾರೆ, ತೋಳಗಳ ರಕ್ತದಲ್ಲಿ ಅದರ ಕುರುಹು ಸಿಕ್ಕಿದೆ. ಇಲ್ಲೂ ಅಷ್ಟೇ, ಎಣಿಸಿ ಬರೆದಿಟ್ಟಿದ್ದರಿಂದ ಗೊತ್ತಾಯಿತು.

ಭಾರತಕ್ಕೆ? 1980ರ ದಶಕದ ಆರಂಭದಲ್ಲೇ ಮದ್ರಾಸಿನ ಪಶುವೈದ್ಯ ವಿಜ್ಞಾನಿಗಳು ಇಲ್ಲಿನ ನಾಯಿಗಳಲ್ಲಿ ಪಾರ್ವೋ ಇರುವುದನ್ನು ವರದಿ ಮಾಡಿದರು. ಅಂದರೆ ಜಗತ್ತಿಗೆ ತಿಳಿದ ನಾಲ್ಕೈದು ವರ್ಷದೊಳಗೆ ನಮ್ಮ ಪಕ್ಕದ ರಾಜ್ಯದಲ್ಲಿತ್ತು. ಅಷ್ಟರಲ್ಲಿ ವೈರಸ್ಸೂ ಬದಲಾಗಿತ್ತು. 1978ರ ಮೂಲ ರೂಪವನ್ನು ಹಿಂದಿಕ್ಕಿ 2ಎ ಎಂಬ ರೂಪ ಬಂದಿತ್ತು, 1984ರ ಹೊತ್ತಿಗೆ 2ಬಿ, 2000ದಲ್ಲಿ ಇಟಲಿಯಲ್ಲಿ 2ಸಿ. ನಾಯಿಗೆ ದಾಟುವಾಗ ಕಳೆದುಕೊಂಡಿದ್ದ ಬೆಕ್ಕಿನ ಬೀಗದಕೈಯನ್ನೂ ಈ ಹೊಸ ರೂಪಗಳು ಮತ್ತೆ ಸಂಪಾದಿಸಿಕೊಂಡವು.

ನಮ್ಮ ಹಳ್ಳಿಗೆ ಯಾವ ವರ್ಷ ಬಂತು, ಯಾರ ಮನೆಗೆ ಮೊದಲು ಬಂತು? ಇದಕ್ಕೆ ಯಾವ ಶೀತಪೆಟ್ಟಿಗೆಯಲ್ಲೂ ಉತ್ತರ ಸಿಗದು, ಯಾಕೆಂದರೆ ಬೀದಿನಾಯಿಯ ರಕ್ತವನ್ನು ಯಾರೂ ತೆಗೆದಿಟ್ಟಿಲ್ಲ. ಆದರೆ ಹಿರಿಯರನ್ನು ಮಾತನಾಡಿಸುವಾಗ ನಮ್ಮ ಕಿವಿಗೆ ಬಿದ್ದ ಒಂದು ಮಾತು ಮತ್ತೆ ಮತ್ತೆ ಕಾಡಿತು. ಮಲೆನಾಡಿನ ಒಂದು ಮನೆಯಲ್ಲಿ ನಮ್ಮ ಗೆಳತಿಯ ಅಜ್ಜಿ ಹೇಳಿದರು: "ನಮ್ಮ ಮನೆಗೆ ನಾಯಿ ಆಗಿಬರಲ್ಲ ಮಗಾ. ಎಷ್ಟು ತಂದ್ರೂ ಉಳಿಯಲ್ಲ. ನಿನ್ನ ಮಾವ ಮೂರು ಸಲ ತಂದ, ಮೂರೂ ಹೋದವು. ಆಮೇಲೆ ನಾನೇ ಬೇಡ ಅಂದೆ." ಇದನ್ನು ಕೇಳಿದಾಗ ನಮ್ಮಲ್ಲಿ ಇನ್ನೂ ಇಬ್ಬರು, ಅರೆ, ನಮ್ಮ ಕಡೆಯೂ ಹೀಗೇ ಹೇಳುತ್ತಾರಲ್ಲ ಎಂದರು. ಆಗಿಬರಲ್ಲ ಎಂಬ ಮಾತು ಹಳೆಯದೇ. ಕರಿ ಎತ್ತು ಆಗಿಬರಲ್ಲ, ಆ ದಿಕ್ಕಿನ ಬಾಗಿಲು ಆಗಿಬರಲ್ಲ ಎನ್ನುತ್ತೇವೆ. ಆದರೆ ಒಂದು ಮರಿ ಸತ್ತ ಜಾಗಕ್ಕೆ ತಿಂಗಳೊಳಗೆ ಇನ್ನೊಂದು ತಂದರೆ ಅದೂ ಸಾಯುತ್ತದೆ, ಮೂರನೆಯದೂ ಸಾಯುತ್ತದೆ, ಪಕ್ಕದ ಮನೆಯದು ಸಾಯುವುದಿಲ್ಲ ಎಂಬುದಕ್ಕೆ ಪಾರ್ವೋದಲ್ಲಿ ಸರಿಯಾದ ವಿವರಣೆ ಇದೆ.

ಕಾಯಿಲೆಯ ಮರಿಯ ಮಲದಲ್ಲಿ ವೈರಸ್ ಕೋಟಿಗಟ್ಟಲೆ ಹೊರಬರುತ್ತದೆ. ನೆರಳು, ತೇವ ಇರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ, ಸಾಯದೆ ಕೂತಿರುತ್ತದೆ. ಮಲೆನಾಡಿನ ಅಂಗಳ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮರಿ ಸತ್ತ ಮೇಲೆ ನಾವು ಏನು ಮಾಡುತ್ತೇವೆ? ಜಗಲಿಗೆ ಫಿನಾಯಿಲ್ ಹಾಕಿ ತೊಳೆಯುತ್ತೇವೆ. ಘಮ್ಮೆನ್ನುವ ವಾಸನೆ ಬಂದರೆ ಶುದ್ಧವಾಯಿತು ಎಂದು ಸಮಾಧಾನ. ಪಾರ್ವೋಗೆ ಫಿನಾಯಿಲ್ ತಾಗುವುದೇ ಇಲ್ಲ. ಕೊರೊನಾ ಕಾಲದಲ್ಲಿ ನಾವೆಲ್ಲ ಸೋಪಿನ ಪಾಠ ಕಲಿತೆವು. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಕರಗಿಸುತ್ತದೆ. ಪಾರ್ವೋಗೆ ಆ ಹೊದಿಕೆಯೇ ಇಲ್ಲ, ಕರಗಿಸಲು ಏನೂ ಇಲ್ಲ. ಬೇಕಾದದ್ದು ಬ್ಲೀಚ್. ಅಂಗಡಿಯಲ್ಲಿ ಸಿಗುವ ಬ್ಲೀಚಿಂಗ್ ದ್ರಾವಣ ಒಂದು ಪಾಲಿಗೆ ಮೂವತ್ತು ಪಾಲು ನೀರು, ಮೊದಲು ಗಲೀಜು ತೊಳೆದು ಆಮೇಲೆ ಹಾಕಿ ಹತ್ತು ನಿಮಿಷ ಬಿಡಬೇಕು. ಸಿಮೆಂಟ್ ನೆಲಕ್ಕೆ ಇದು ಸರಿ. ಮಣ್ಣಿನ ಅಂಗಳಕ್ಕೆ ಇದೂ ಪೂರ್ತಿ ಸಾಲದು. ಅಲ್ಲಿ ಮುಂದಿನ ಮರಿಯನ್ನು ಲಸಿಕೆ ಮುಗಿಸಿಯೇ ತರಬೇಕು, ಇಲ್ಲವೇ ಒಂದು ವರ್ಷ ಕಾಯಬೇಕು.

ಅಂದರೆ ಕನ್ನಡ ಈ ರೋಗವನ್ನು ಗಮನಿಸಿಯೇ ಇಲ್ಲ ಎಂದು ನಾವು ಮೊದಲು ಅಂದುಕೊಂಡದ್ದು ತಪ್ಪಿರಬಹುದು. ಗಮನಿಸಿತ್ತು, ಆದರೆ ರೋಗದ ಲೆಕ್ಕದಲ್ಲಿ ಬರೆಯದೆ ಮನೆಯ ಅದೃಷ್ಟದ ಲೆಕ್ಕದಲ್ಲಿ ಬರೆದಿತ್ತು ಎಂಬುದು ನಮ್ಮ ಊಹೆ. ಅಜ್ಜಿಗೆ ಇದನ್ನು ಹೇಳಿದಾಗ ಅವರು ಒಪ್ಪಲಿಲ್ಲ, ನಕ್ಕು ಸುಮ್ಮನಾದರು.

ಇನ್ನು ಶಿವರಾತ್ರಿಯ ವಿಷಯ. ನಮ್ಮ ಊರನಾಯಿಗಳು ಹೆಚ್ಚಾಗಿ ಕೂಡುವುದು ಕಾರ್ತಿಕದ ಆಸುಪಾಸು. ಎರಡು ತಿಂಗಳಿಗೆ ಮರಿ. ಚಳಿಗಾಲದಲ್ಲಿ ಹುಟ್ಟಿದ ಆ ಮರಿಗಳಿಗೆ ಶಿವರಾತ್ರಿಯ ಹೊತ್ತಿಗೆ ಎರಡು ತಿಂಗಳ ವಯಸ್ಸು. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಸರಿಯಾಗಿ ಆಗಲೇ ಇಳಿಯುತ್ತ ಬರುತ್ತದೆ. ಇಲ್ಲೊಂದು ತೊಡಕಿದೆ. ತಾಯಿಯ ರಕ್ಷಣೆ ರೋಗ ತಡೆಯಲಾರದಷ್ಟು ಕಡಿಮೆಯಾಗಿರುತ್ತದೆ, ಆದರೆ ಲಸಿಕೆಯನ್ನು ಕೆಡಿಸಲು ಸಾಕಾಗುವಷ್ಟು ಉಳಿದಿರುತ್ತದೆ. ಈ ಸಂದು ಯಾವ ಮರಿಗೆ ಯಾವ ವಾರ ಬರುತ್ತದೆಂದು ಹೇಳಲಾಗದು. ಅದಕ್ಕೇ ಒಂದು ಚುಚ್ಚು ಸಾಲದು. ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಹಾಕಿಸಬೇಕು ಎನ್ನುತ್ತಾರೆ ವೈದ್ಯರು. "ಇಂಜೆಕ್ಷನ್ ಹಾಕಿಸಿದ್ರೂ ಸತ್ತಿತು" ಎಂಬ ದೂರು ಬರುವುದು ಹೆಚ್ಚಾಗಿ ಒಂದೇ ಚುಚ್ಚಿಗೆ ನಿಲ್ಲಿಸಿದ ಮನೆಗಳಿಂದ.

ಅದಕ್ಕಿಂತ ಹೆಚ್ಚು ಬರುವ ದೂರು ಇನ್ನೊಂದು. ಆ ಬೀದಿಯ ಸುದ್ದಿ ಮಾಡಲು ಹೋದ ನಮ್ಮ ಗೆಳೆಯ ಮರಿ ಕಳೆದುಕೊಂಡ ಮನೆಯವರನ್ನೆಲ್ಲ ಕೇಳಿದ್ದ, ಲಸಿಕೆ ಹಾಕಿಸಿದ್ರಾ ಎಂದು. ಹಾಕಿಸಿದ್ದೇವೆ ಎಂದು ಕಾರ್ಡು ತೋರಿಸಿದವರೂ ಇದ್ದರು. ಕಾರ್ಡಿನಲ್ಲಿದ್ದದ್ದು ಹುಚ್ಚಿನ ಲಸಿಕೆ ಮಾತ್ರ. ಊರಿನಲ್ಲಿ ಶಿಬಿರ ನಡೆದಾಗ ಪುಕ್ಕಟೆ ಹಾಕಿದ್ದು. ಪಾರ್ವೋ ಲಸಿಕೆ ಬೇರೆ, ಡಿಸ್ಟೆಂಪರ್ ಮುಂತಾದವುಗಳ ಜೊತೆ ಸೇರಿಸಿ ಒಂದೇ ಸೀಸೆಯಲ್ಲಿ ಬರುತ್ತದೆ, ಹಳ್ಳಿಯವರು ಅದನ್ನು ಪೇಟೆಯಿಂದ ದುಡ್ಡು ಕೊಟ್ಟು ತರಬೇಕು, ಐಸ್ ಹಾಕಿ ತರಬೇಕು. ಇಷ್ಟು ಮಾಡಿ ಎಂದು ಹೇಳಬೇಕಾದರೆ ಮೊದಲು ಅದು ಬೇರೆ ರೋಗ ಎಂದು ಹೇಳಬೇಕು. ಬೇರೆ ರೋಗ ಎನ್ನಲು ಬೇರೆ ಹೆಸರು ಬೇಕು. ನಾಯಿಯ ಇಂಜೆಕ್ಷನ್ ಎಂದರೆ ಹುಚ್ಚಿನ ಇಂಜೆಕ್ಷನ್ ಎಂದು ನೂರು ವರ್ಷ ಕಲಿತ ಜನ ಅವರು. ಮನೆಯವರು ಮೋಸ ಹೋದೆವು ಎಂದುಕೊಂಡರು. ಯಾರೂ ಮೋಸ ಮಾಡಿರಲಿಲ್ಲ.

ಸುದ್ದಿ ಕೊನೆಗೆ 'ನಾಯಿಮರಿಗಳಿಗೆ ರಕ್ತಭೇದಿ ರೋಗ' ಎಂಬ ತಲೆಬರಹದಲ್ಲಿ ಒಳಪುಟದಲ್ಲಿ ಬಂತು. ಆ ಹೆಸರು ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಹುಳುವಿನಿಂದಲೂ ರಕ್ತಭೇದಿ ಆಗುತ್ತದೆ, ವಿಷದಿಂದಲೂ ಆಗುತ್ತದೆ. ಪಾರ್ವೋ ಎಂದೇ ಬಿಡೋಣ, ಕೊರೊನಾ ಎಂಬುದು ಎರಡು ತಿಂಗಳಲ್ಲಿ ಎಲ್ಲರ ಬಾಯಿಗೆ ಬರಲಿಲ್ಲವೇ ಎನ್ನುವವರು ನಮ್ಮಲ್ಲಿ ಇಬ್ಬರು. 'ಮರಿಬೇನೆ' ಎನ್ನಬಹುದು ಎನ್ನುವವರು ಒಬ್ಬರು. ನಿಮ್ಮ ಕಡೆ ಈಗಾಗಲೇ ಏನಾದರೂ ಹೆಸರು ಓಡಾಡುತ್ತಿದ್ದರೆ ತಿಳಿಸಿ. ಜೊತೆಗೆ ಇನ್ನೊಂದು ಕೆಲಸ ಮಾಡಿ: ನಿಮ್ಮ ಮನೆಯಲ್ಲಿ, ನೆರೆಯಲ್ಲಿ, ಮರಿಗಳು ಸಾಲಾಗಿ ಸತ್ತದ್ದು ಮೊದಲ ಸಲ ಯಾವಾಗ ಎಂದು ಹಿರಿಯರನ್ನು ಕೇಳಿ. ವರ್ಷ ನೆನಪಿರುವುದಿಲ್ಲ. ಯಾವ ಮಗು ಹುಟ್ಟಿದ ವರ್ಷ, ಯಾರ ಮದುವೆಯ ವರ್ಷ, ಮನೆಗೆ ಕರೆಂಟು ಬಂದ ಮೇಲೋ ಮೊದಲೋ ಎಂದು ಕೇಳಿದರೆ ನೆನಪಾಗುತ್ತದೆ. ಗೆಳತಿಯ ಅಜ್ಜಿಗೆ ನೆನಪಾದದ್ದು ಹಾಗೆಯೇ. ಮಾವ ಮೊದಲ ಮರಿ ತಂದದ್ದು ಅವರು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ, 1986.